23 ವರ್ಷ ತಡವಾಗಿ ಬಂದ ಚಕ್ರ

ಹೆಸರಿಡುವುದರಲ್ಲಿ ನಮ್ಮ ಸರ್ಕಾರಗಳು ಎಂದೂ ಹಿಂದೆ ಬಿದ್ದಿಲ್ಲ. ಬೆಳಗಾವಿ, ಹುಬ್ಬಳ್ಳಿಯ ಬಸ್ಸು ಹತ್ತಿ ಪುಣೆಯ ಸ್ವಾರಗೇಟದಲ್ಲಿ ಇಳಿದರೆ ಎದುರಿಗಿರುವ ಚೌಕಕ್ಕೆ ಸ್ವಾತಂತ್ರ್ಯ ಹೋರಾಟಗಾರ ಕೇಶವರಾವ್ ಜೇಧೆ ಅವರ ಹೆಸರು. ಅಲ್ಲಿಂದ ಖಡಕ್ವಾಸ್ಲಾಕ್ಕೆ ಹೋದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕವಾಯತು ಮೈದಾನಕ್ಕೆ ಪುಣೆಯಲ್ಲೇ ಹುಟ್ಟಿದ ಅರುಣ್ ಖೇತರಪಾಲ್ ಹೆಸರು. ಇತ್ತ ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ಹತ್ತಿರದ ವೃತ್ತಕ್ಕೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಹೆಸರು. ಆದರೆ ಹೆಸರಿಡುವುದು ಮನ್ನಣೆಯ ಕೊನೆಯ ಕೆಲಸ, ಸುಲಭದ ಕೆಲಸವೂ ಹೌದು. ಯೋಧ ಏನು ಮಾಡಿದ ಎಂದು ತಿಳಿದುಕೊಳ್ಳುವುದೇ ಮೊದಲ ಕೆಲಸ. ಅದರಲ್ಲಿ ನಾವು ಎಷ್ಟು ಉದಾಸೀನರು ಎಂಬುದಕ್ಕೆ ದೇವಯ್ಯನವರ ಮಹಾವೀರ ಚಕ್ರವೇ ಸಾಕ್ಷಿ.

1965ರ ಸೆಪ್ಟೆಂಬರ್ 7. ಆದಂಪುರದಿಂದ ವಾಯುಪಡೆಯ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಕಾಯ್ದಿರಿಸಿದ ವಿಮಾನದಲ್ಲಿದ್ದವರು. ಬೇರೊಂದು ವಿಮಾನ ಹಿಂದಿರುಗಿದಾಗ ಅದರ ಜಾಗ ತುಂಬಿದರು. ದಾಳಿ ಮುಗಿಸಿ ಬರುವಾಗ ಅಡ್ಡಗಟ್ಟಿದ್ದು ಸ್ಟಾರ್‌ಫೈಟರ್, ಶಬ್ದದ ಇಮ್ಮಡಿ ವೇಗದ ವಿಮಾನ. ಪೆಟ್ಟು ತಿಂದ, ಅದಕ್ಕಿಂತ ಎಷ್ಟೋ ನಿಧಾನದ ಮಿಸ್ಟೇರನ್ನು ತಿರುಗಿಸಿ ದೇವಯ್ಯ ಹೋರಾಡಿದರು, ಸ್ಟಾರ್‌ಫೈಟರನ್ನು ಕೆಡವಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಶೂಟಿನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ಬರಲಿಲ್ಲ. ಜೊತೆಗಾರರ್‍ಯಾರೂ ಆ ಕಾಳಗವನ್ನು ಕಂಡಿರಲಿಲ್ಲ. ನಮ್ಮ ಕಡತದಲ್ಲಿ ಉಳಿದದ್ದು ‘ಕಾಣೆಯಾಗಿದ್ದಾರೆ’ ಎಂಬ ಒಂದು ನಮೂದು.

ಅದೇ ವಾರ, ಸೆಪ್ಟೆಂಬರ್ 10ರಂದು ಖೇಮ್‌ಕರಣ್ ಬಳಿ ಅಬ್ದುಲ್ ಹಮೀದ್ ಶತ್ರು ಟ್ಯಾಂಕುಗಳನ್ನು ಹೊಡೆಯುತ್ತ ಮಡಿದರು. ಪರಮವೀರ ಚಕ್ರದ ಘೋಷಣೆ ಆರೇ ದಿನದಲ್ಲಿ, 16ರಂದು ಆಯಿತು. ಇಬ್ಬರ ಶೌರ್ಯವನ್ನು ತಕ್ಕಡಿಯಲ್ಲಿ ಇಡುವುದು ನನ್ನ ಉದ್ದೇಶವಲ್ಲ. ಒಬ್ಬರ ಕೆಲಸವನ್ನು ಪಕ್ಕದವರು ಕಂಡಿದ್ದರು, ಇನ್ನೊಬ್ಬರದನ್ನು ಕಂಡವನು ವೈರಿ ಮಾತ್ರ. ಪದಕ ಶೌರ್ಯಕ್ಕೆ ಸಿಗುತ್ತದೆ ಎನ್ನುತ್ತೇವೆ. ಸಿಗುವುದು ಕಣ್ಣಿಗೆ ಬಿದ್ದ ಶೌರ್ಯಕ್ಕೆ.

ಇದಕ್ಕಾಗಿ ವ್ಯವಸ್ಥೆಯನ್ನು ಬಯ್ಯಲಾಗದು. ಸಾಕ್ಷಿಯಿಲ್ಲದೆ ಕೊಟ್ಟ ಪದಕಕ್ಕೆ ಬೆಲೆಯಿರುವುದಿಲ್ಲ. ಬಯ್ಯಬೇಕಾದದ್ದು ಬೇರೆ. ದೇವಯ್ಯನವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಆ 23 ವರ್ಷಗಳನ್ನು ಎರಡು ಭಾಗ ಮಾಡಿ ನೋಡಬೇಕು. ಪಾಕಿಸ್ತಾನದ ಕಡೆಯಿಂದ ವಾಯುಯುದ್ಧದ ಕಥೆ ಬರೆದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಆ ಸ್ಟಾರ್‌ಫೈಟರ್ ಮಿಸ್ಟೇರಿನಿಂದಲೇ ಬಿತ್ತೆಂದು ತಿಳಿಸಿದ್ದು 1979ರಲ್ಲಿ. ಅಲ್ಲಿಯವರೆಗಿನ 14 ವರ್ಷ ಗೊತ್ತಿರಲಿಲ್ಲ ಎಂಬ ನೆಪ ನಡೆಯುತ್ತದೆ. ಅನಂತರದ ಒಂಬತ್ತು ವರ್ಷಕ್ಕೆ ಯಾವ ನೆಪವಿದೆ? ಪುಸ್ತಕ ಅಂಗಡಿಯಲ್ಲಿತ್ತು, ನಮ್ಮ ಕಡತ ಕಪಾಟಿನಲ್ಲಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕಾದ ಹೊಣೆ ಯಾರ ಮೇಜಿನ ಮೇಲೂ ಇರಲಿಲ್ಲ. 1965ರಲ್ಲಿ ಆ ಸ್ಕ್ವಾಡ್ರನ್ನಿನ ನಾಯಕರಾಗಿದ್ದ ಓ.ಪಿ. ತನೇಜಾ 1980ರ ದಶಕದಲ್ಲಿ ವಾಯುಪಡೆಯ ಕೇಂದ್ರ ಕಚೇರಿಗೆ ಪತ್ರ ಬರೆದು ಬೆನ್ನು ಹತ್ತಿದ ಮೇಲೆಯೇ ಕಡತ ಅಲುಗಿತು.

ಖೇತರಪಾಲರ ಕಥೆಯಲ್ಲೂ ವೈರಿಯ ಸಾಕ್ಷಿಯಿದೆ. ಆದರೆ ಅದು ಬಂದದ್ದು ಪದಕ ಸಂದು ಬಹುಕಾಲದ ಮೇಲೆ. 1971ರ ಬಸಂತರ್ ಕದನದಲ್ಲಿ ಮಡಿದ ಅವರಿಗೆ ಪರಮವೀರ ಚಕ್ರ ಕೂಡಲೇ ಸಂದಿತ್ತು. 2001ರಲ್ಲಿ ಹುಟ್ಟೂರು ಸರ್ಗೋಧಾ ನೋಡಲು ಹೋದ ಅವರ ತಂದೆಗೆ ಲಾಹೋರಿನಲ್ಲಿ ಆತಿಥ್ಯ ನೀಡಿದ ಬ್ರಿಗೇಡಿಯರ್ ನಾಸೆರ್, ಖೇತರಪಾಲರ ಟ್ಯಾಂಕನ್ನು ಹೊಡೆದವನು ತಾನೇ ಎಂದು ಒಪ್ಪಿಕೊಂಡು ಮಗನ ಧೈರ್ಯವನ್ನು ಕೊಂಡಾಡಿದರು. ಅಲ್ಲಿ ವೈರಿಯ ಮಾತು ಒಗ್ಗರಣೆ, ದೇವಯ್ಯನವರ ವಿಷಯದಲ್ಲಿ ಅದೇ ಊಟ.

2025ರ ಹಿಂದಿ ಚಿತ್ರ ‘ಸ್ಕೈ ಫೋರ್ಸ್’ ದೇವಯ್ಯನವರ ಕಥೆಯನ್ನು ದೊಡ್ಡ ಪರದೆಗೆ ತಂದಿತು. ಕಥೆ ಹೆಚ್ಚು ಜನಕ್ಕೆ ತಲುಪಿತು, ಒಪ್ಪೋಣ. ಆದರೆ ದೇವಯ್ಯ ಅಲ್ಲಿ ‘ವಿಜಯ’ನಾದರು, ತನೇಜಾ ‘ಅಹುಜಾ’ ಆದರು. ತಡವಾದ ಮನ್ನಣೆಯ ಕಥೆ ಹೇಳುವ ಚಿತ್ರವೇ ಹೆಸರನ್ನು ಕಳಚಿಟ್ಟಿತು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ: ಒಬ್ಬ ಅಧಿಕಾರಿಯ ಛಲವನ್ನು ಮೆರೆಸುವ ಭರದಲ್ಲಿ, ಅಂಥ ಛಲ ಯಾಕೆ ಬೇಕಾಯಿತು ಎಂಬ ಪ್ರಶ್ನೆಯನ್ನು ಅದು ಬದಿಗೆ ಸರಿಸುತ್ತದೆ. ತನೇಜಾರಂಥವರು ಸಿಗದ ಯೋಧರ ಗತಿಯೇನು?

ಹಳೆಯ ಕಡತಗಳನ್ನು ತೆರೆಯಲು ಹೊರಟರೆ ವಶೀಲಿ ನುಗ್ಗುತ್ತದೆ, ಪ್ರತಿ ಜಿಲ್ಲೆಯೂ ತನ್ನವನಿಗೆ ಚಕ್ರ ಕೇಳುತ್ತದೆ ಎಂಬ ಆತಂಕ ಸುಳ್ಳಲ್ಲ. ಅದಕ್ಕೆ ಮದ್ದು ಬಾಗಿಲು ಮುಚ್ಚುವುದಲ್ಲ, ಹೊಸ ದಾಖಲೆ ತಂದವರಿಗೆ ಮಾತ್ರ ತೆರೆಯುವುದು. 1965ರ ಯುದ್ಧದ ಸರ್ಕಾರಿ ಇತಿಹಾಸ 1992ರಲ್ಲಿ ಸಿದ್ಧವಾದರೂ ಬಹುಕಾಲ ಓದುಗರ ಕೈ ಸೇರಲಿಲ್ಲ. ತನ್ನ ಯುದ್ಧವನ್ನು ತಾನೇ ಬರೆದುಕೊಳ್ಳದ ದೇಶ ಪರರ ಪುಸ್ತಕದಲ್ಲಿ ತನ್ನ ವೀರರನ್ನು ಹುಡುಕಬೇಕಾಗುತ್ತದೆ. 2021ರಲ್ಲಿ ರಕ್ಷಣಾ ಸಚಿವಾಲಯ ಯುದ್ಧಗಳ ಇತಿಹಾಸವನ್ನು ಐದು ವರ್ಷಗಳೊಳಗೆ ಬರೆಸುವ, ಸಾಮಾನ್ಯವಾಗಿ 25 ವರ್ಷಕ್ಕೆ ದಾಖಲೆಗಳನ್ನು ಬಿಡುಗಡೆ ಮಾಡುವ ನೀತಿ ತಂದಿದೆ. ಒಳ್ಳೆಯ ಹೆಜ್ಜೆ. ಇದರ ಜೊತೆಗೆ ಇನ್ನೊಂದು ನಿಯಮ ಸೇರಬೇಕು: ದಾಖಲೆ ಬಿಡುಗಡೆಯಾದಾಗ ‘ಕಾಣೆಯಾದವರ’ ಪ್ರತಿಯೊಂದು ಕಡತವನ್ನೂ, ಯಾರೂ ಅರ್ಜಿ ಹಾಕದಿದ್ದರೂ, ಸರ್ಕಾರ ತಾನಾಗಿಯೇ ಮರುಪರಿಶೀಲಿಸಬೇಕು. ವೃತ್ತ, ಪುತ್ಥಳಿಗಳಿಗೆ ಆಮೇಲೂ ಜಾಗವಿದ್ದೇ ಇರುತ್ತದೆ.