ಕುಮಾರರಾಮನ ತಲೆ ತೆಗೆಸಿದ್ದು ಯಾರು?

2006ರಲ್ಲಿ ಎಚ್.ಆರ್. ಭಾರ್ಗವ ನಿರ್ದೇಶಿಸಿದ, ಶಿವರಾಜ್‌ಕುಮಾರ್ ನಟಿಸಿದ ಸಿನಿಮಾ ಒಂದು ಬಂತು, ‘ಗಂಡುಗಲಿ ಕುಮಾರರಾಮ’. ನನ್ನ ತಕರಾರು ಆ ಮೊದಲ ಪದದ ಮೇಲೆ. ರಾಮ ಗಂಡುಗಲಿ ಅಲ್ಲ ಅಂತಲ್ಲ. ಆದರೆ ಹಳೇ ಕವಿಗಳು ಅವನನ್ನು ಕರೆದದ್ದು ‘ಪರನಾರೀಸೋದರ’ ಅಂತ. ನಾವು ಕತ್ತಿ ಉಳಿಸಿಕೊಂಡು ಈ ಬಿರುದನ್ನು ಮರೆತೆವು. ಜೊತೆಗೆ ಕಥೆಯ ಅರ್ಧ ಭಾಗವೂ ಹೋಯ್ತು.

ಗೊತ್ತಿಲ್ಲದವರಿಗೆ ಚುಟುಕಾಗಿ. ನಮ್ಮ ಶೆಟ್ಟಿಕೊಪ್ಪದ ಆ ಕಡೆ ತುಂಗೆ, ಈ ಕಡೆ ಭದ್ರೆ. ಎರಡೂ ಕೂಡಲಿಯಲ್ಲಿ ಸೇರಿ ಮುಂದೆ ಕಂಪ್ಲಿಯ ಮಗ್ಗುಲಲ್ಲಿ ಹರಿಯುತ್ತವೆ. ಅಲ್ಲಿನ ದೊರೆ ಕಂಪಿಲರಾಯ. ಮಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆ ಎದ್ದು ಸೋತ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಇಲ್ಲಿಗೆ ಓಡಿ ಬಂದ. ಕಂಪಿಲ ಆಶ್ರಯ ಕೊಟ್ಟ. 1327ರ ಹೊತ್ತಿಗೆ ದೆಹಲಿಯ ಸೈನ್ಯ ಬಂದು ರಾಜ್ಯವನ್ನೇ ಅಳಿಸಿ ಹಾಕಿತು. ಯುದ್ಧದಲ್ಲಿ ಸತ್ತ ಯುವರಾಜನೇ ಕುಮಾರರಾಮ.

ಇದಾಗಿ ಇನ್ನೂರು ವರ್ಷದ ಮೇಲೆ, 1525ರ ಸುಮಾರಿಗೆ, ನಂಜುಂಡ ಕವಿ ಇದನ್ನು ಸಾಂಗತ್ಯದಲ್ಲಿ ಹಾಡಿದ. ಯುದ್ಧದ ಕಾವ್ಯ ಅಂದುಕೊಂಡು ಓದಲು ಕೂತರೆ ಸಿಗೋದು ಒಂದು ಮನೆಯ ಕಥೆ. ಮುದಿ ರಾಜನ ಎಳೆ ಹೆಂಡತಿ ರತ್ನಾಜಿ ಮಲಮಗನಿಗೆ ಮನಸೋಲುತ್ತಾಳೆ. ರಾಮ ಒಲ್ಲೆ ಅಂತಾನೆ. ಅವಳು ಗಂಡನ ಹತ್ತಿರ ಚಾಡಿ ಹೇಳ್ತಾಳೆ. ಕಂಪಿಲ ವಿಚಾರಣೆ ಇಲ್ಲ, ಮಾತಿಲ್ಲ, ಮಗನ ತಲೆ ತರೋಕೆ ಹೇಳ್ತಾನೆ. ಆಫೀಸಲ್ಲಿ ಸರ್ವರ್ ಬಿದ್ದಾಗ ಕೂಡ ನಾವು ನಾಲ್ಕು ಜನ ಕೂತು ಲಾಗ್ ನೋಡ್ತೀವಿ. ಇವನು ಅಷ್ಟೂ ಮಾಡಲ್ಲ. ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು, ಅವನನ್ನೇ ಹೋಲುವ ಇನ್ನೊಬ್ಬನ ತಲೆ ತಂದು ತೋರಿಸ್ತಾನೆ.

ನನಗೆ ಇಡೀ ಕಾವ್ಯದ ಜೀವ ಇರೋದು ಇಲ್ಲೇ. ನಮ್ಮೂರಲ್ಲಿ ಕೊಯ್ಲಾದ ಗದ್ದೆಯಲ್ಲಿ ಆಟ ಆಡಿಸುತ್ತಿದ್ದರು. ಅಭಿಮನ್ಯು ಕಾಳಗ ಅಂದ್ರೆ ಬೆಳಗಿನ ಜಾವದವರೆಗೂ ನಿದ್ದೆ ಬರ್ತಿರಲಿಲ್ಲ. ಅಭಿಮನ್ಯು ಸಾಯುವಾಗ ಅಪ್ಪ ದೂರದಲ್ಲಿ ಬೇರೆ ಯುದ್ಧದಲ್ಲಿದ್ದ, ಅದೊಂದು ಸಮಾಧಾನ. ರಾಮನ ಅಪ್ಪ ಅರಮನೆಯಲ್ಲೇ ಇದ್ದ. ಆಜ್ಞೆ ಕೊಟ್ಟವನೇ ಅವನು. ದೆಹಲಿ ಬರುವ ಮೊದಲೇ ಕಂಪಿಲ ತನ್ನ ಉತ್ತರಾಧಿಕಾರಿಯನ್ನು ಕೊಂದಾಗಿತ್ತು, ಕನಿಷ್ಠ ತನ್ನ ಲೆಕ್ಕದಲ್ಲಿ. ಆಮೇಲೆ ಶತ್ರು ಬಾಗಿಲಿಗೆ ಬಂದಾಗ ಅದೇ ಮಗ ಹೊರಗೆ ಬಂದು ಅದೇ ಅಪ್ಪನ ಕೋಟೆಗಾಗಿ ಹೋರಾಡ್ತಾನೆ. ದೆಹಲಿಯ ಸೈನ್ಯ ನಡೆಸಿ ಬರುವವಳು ಮಾತಂಗಿ ಅನ್ನೋ ಹೆಂಗಸು. ರಾಮ ಬೀಳ್ತಾನೆ, ತಲೆ ದೆಹಲಿಗೆ ಹೋಗುತ್ತೆ. ‘ಗಂಡುಗಲಿ’ ಅನ್ನೋ ಪೋಸ್ಟರಿನಲ್ಲಿ ಇದನ್ನೆಲ್ಲ ಎಲ್ಲಿ ಅಂಟಿಸೋದು?

ನಂಜುಂಡನ ಮೇಲೂ ನನಗೆ ಸಿಟ್ಟಿದೆ. ರತ್ನಾಜಿಯ ಮೇಲೆ ಎಲ್ಲ ಹೊರಿಸಿದ ಮೇಲೆ ಕಂಪಿಲ ಸಲೀಸಾಗಿ ಪಾರಾಗ್ತಾನೆ. ಮುದುಕ ಎಳೆಯವಳನ್ನು ಕಟ್ಟಿಕೊಂಡಿದ್ದು ಯಾರಿಗೂ ತಪ್ಪಾಗಿ ಕಾಣಲ್ಲ.

ಕಾವ್ಯ ಬಿಟ್ಟು ಚರಿತ್ರೆಗೆ ಬಂದರೆ ಚಿತ್ರ ಇನ್ನೂ ಕಲಸಿಹೋಗುತ್ತೆ. ಈ ಯುದ್ಧವಾದ ಕೆಲವೇ ವರ್ಷಕ್ಕೆ ದೆಹಲಿಗೆ ಬಂದ ಇಬ್ನ್ ಬತೂತ ಕಂಪಿಲನ ಬಗ್ಗೆ ಬರೆದಿದ್ದಾನೆ, ಮೆಚ್ಚಿಕೊಂಡೇ. ಕೊನೆಗಾಲ ಬಂತು ಅಂತ ಗೊತ್ತಾದಾಗ ರಾಜ ಅತಿಥಿಯನ್ನು ಬೇರೆ ದೊರೆಯ ಹತ್ತಿರ ಕಳಿಸಿದನಂತೆ. ಹೆಂಗಸರು ಬೆಂಕಿಗೆ ಹಾರಿದರು, ಅವನು ಕತ್ತಿ ಹಿಡಿದು ಹೋಗಿ ಸತ್ತ. ಅಲ್ಲಿ ರಾಮನ ಹೆಸರಿಲ್ಲ. ಇರೋದು ಸೆರೆಸಿಕ್ಕ ಹನ್ನೊಂದು ಗಂಡುಮಕ್ಕಳು. ಮುಸ್ಲಿಮರಾಗಿ ಸುಲ್ತಾನನ ಅಮೀರರಾದವರು. ಅವರಲ್ಲಿ ಮೂವರನ್ನು ಅವನೇ ಕಂಡಿದ್ದ. ಇನ್ನು ಆ ಅತಿಥಿ ಗುರ್ಶಾಸ್ಪ್‌ನನ್ನು ಹಿಡಿದು ದೆಹಲಿಗೆ ಒಪ್ಪಿಸಿದ್ದು ಯಾರು ಗೊತ್ತಾ? ಹೊಯ್ಸಳ ಬಲ್ಲಾಳ. ವೀಕೆಂಡ್ ಟ್ರಿಪ್‌ನಲ್ಲಿ ಹಳೇಬೀಡಿನ ಗೈಡ್ ಇದನ್ನು ಹೇಳಿದ್ದು ನಾನಂತೂ ಕೇಳಿಲ್ಲ.

ಬದುಕಿ ಉಳಿದ ಆ ಮಕ್ಕಳಿಗೆ ಕನ್ನಡದಲ್ಲಿ ಯಾರೂ ಸಾಂಗತ್ಯ ಕಟ್ಟಲಿಲ್ಲ. ಸತ್ತವನಿಗೆ ಮಾತ್ರ ಕಾವ್ಯದ ಮೇಲೆ ಕಾವ್ಯ. ಅಷ್ಟೇ ಅಲ್ಲ, ಸಾಗರ, ಸೊರಬದ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ಕುಮಾರರಾಮನ ಮರದ ತಲೆಗಳಿಗೆ ಪೂಜೆ ನಡೆಯುತ್ತೆ. ಬಣ್ಣ ಹಚ್ಚಿದ, ದೊಡ್ಡ ಕಣ್ಣಿನ ತಲೆಗಳು; ಕೆಳಗೆ ಮೈ ಇಲ್ಲ. ಬೈಚಪ್ಪ ರಾಜನ ಮುಂದೆ ಇಟ್ಟ ತಲೆಯೂ ಹೀಗೇ ಇತ್ತೇನೋ, ನೋಡಿದರೆ ರಾಮನದೇ ಅನ್ನುವ ಹಾಗೆ. ಮುಂದಿನ ಸಲ ಆ ಕಡೆ ಹೋದಾಗ ಪೂಜಾರಿಯನ್ನು ಕೇಳಬೇಕು: ರಾಮನ ಬದಲಿಗೆ ಸತ್ತವನಿಗೂ ಇಲ್ಲಿ ಒಂದು ಹೂವು ಇಡ್ತೀರಾ ಅಂತ.