ಶಾಂತಲೆಗೆ ಅಂಟಿದ ವಿಶೇಷಣ

ಶಿವಗಂಗೆ ಬೆಟ್ಟ ಹತ್ತುವವರು ಗಂಗಾಧರೇಶ್ವರನ ದರ್ಶನ ಮಾಡಿ, ಒಳಕಲ್ಲು ತೀರ್ಥದಲ್ಲಿ ಕೈಯಿಳಿಸಿ ನೀರು ಸಿಕ್ಕಿತೇ ಎಂದು ನೋಡಿ, ಮೇಲೇರಿದರೆ ‘ಶಾಂತಲಾ ಡ್ರಾಪ್’ ಎಂಬ ಕಡಿದಾದ ಬಂಡೆಯಂಚು ಸಿಗುತ್ತದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಮಕ್ಕಳಿಲ್ಲದ ಕೊರಗಿಗೋ ಸವತಿಯ ಬೇಗೆಗೋ ಇಲ್ಲಿಂದ ಧುಮುಕಿದಳು ಎಂಬುದು ಬೆಟ್ಟದ ಕತೆ. ಕೇಳಿದವರು ಮರುಗುತ್ತಾರೆ: ಪಾಪ, ಮನಸ್ಸು ವೀಕು.

‘ವೀಕ್’ ಕನ್ನಡಕ್ಕೆ ಒಗ್ಗಿಹೋದ ಪದ. ಜ್ವರ ಬಿಟ್ಟವರು ವೀಕು, ಹುಡುಗ ಲೆಕ್ಕದಲ್ಲಿ ವೀಕು, ಮೊಬೈಲ್ ಸಿಗ್ನಲ್ ವೀಕು. ಇಲ್ಲೆಲ್ಲ ಅದು ಸುಧಾರಿಸುವ ಸ್ಥಿತಿ. ಹೆಣ್ಣಿನ ಮಾತು ಬಂದೊಡನೆ ಹುಟ್ಟುಗುಣವಾಗಿಬಿಡುತ್ತದೆ. 1611ರ ಕಿಂಗ್ ಜೇಮ್ಸ್ ಬೈಬಲ್ ಹೆಂಡತಿಗೆ ‘ವೀಕರ್’ ಎಂಬ ರೂಪವನ್ನೇ ಹಚ್ಚಿದೆ. ಕನ್ನಡವೇನೂ ಹಿಂದೆ ಬಿದ್ದಿಲ್ಲ. ‘ಅಬಲೆ’ ಎಂದರೆ ಯಾರೆಂದು ಯಾರೂ ಕೇಳುವುದಿಲ್ಲ.

ಶಾಸನಗಳು ಶಾಂತಲೆಯನ್ನು ಕರೆದ ಬಗೆ ಬೇರೆ. ಶ್ರವಣಬೆಳಗೊಳದಲ್ಲಿ ಅವಳು 1123ರಲ್ಲಿ ಕಟ್ಟಿಸಿದ ಬಸದಿಗೆ ಅವಳ ಬಿರುದೇ ಹೆಸರು: ಸವತಿಗಂಧವಾರಣ. ಸವತಿಯರ ಪಾಲಿಗೆ ಮದ್ದಾನೆ! ಬೇಲೂರಿನ ಕಪ್ಪೆ ಚೆನ್ನಿಗರಾಯನ ಗುಡಿಯೂ ಅವಳದೇ. 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡದ್ದನ್ನು ಬೆಳಗೊಳದ ಶಾಸನ ಹೇಳುತ್ತದೆ. ಧುಮುಕಿದ ಮಾತು ಅದರಲ್ಲಿಲ್ಲ.

ಹಾಗೆಂದು ಬಿರುದನ್ನೇ ಪುರಾವೆ ಮಾಡಿಕೊಳ್ಳುವಂತಿಲ್ಲ. ಶಾಸನಕವಿಗೆ ಹೊಗಳಿಕೆಯೇ ಕಸುಬು. ಮೇಲಾಗಿ, ಮದ್ದಾನೆ ಎನ್ನುವಾಗಲೂ ಅವಳ ಬಲವನ್ನು ಅಳೆದದ್ದು ಸವತಿಯರ ಎದುರಿಗಿಟ್ಟೇ. ಬೆಟ್ಟದ ಕತೆಗೂ ಬಿರುದಿಗೂ ಅಂತಃಪುರವೇ ಲೋಕ.

ಕತೆಯ ದೊಡ್ಡ ಸೋಲು ಬೇರೆಡೆ ಇದೆ. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ, ಗುರು ಪ್ರಭಾಚಂದ್ರ ಸಿದ್ಧಾಂತದೇವರು. ಬಸದಿ ಕಟ್ಟಿಸಿದ ಜೈನ ರಾಣಿ ಕೊನೆಯ ದಿನಗಳಲ್ಲಿ ಶೈವಕ್ಷೇತ್ರಕ್ಕೆ ಬಂದದ್ದೇಕೆ? ಕೇಳಬೇಕಾದದ್ದು ಇದು. ತವರಿನ ಭಕ್ತಿಯೋ, ಆ ಕಾಲಕ್ಕೆ ಮತಗಳ ನಡುವಿನ ಗೋಡೆ ಅಷ್ಟು ಎತ್ತರವಿರಲಿಲ್ಲವೋ? ‘ವೀಕು’ ಎಂದೊಡನೆ ಈ ಪ್ರಶ್ನೆಗಳೆಲ್ಲ ಕೆಳಗುರುಳುತ್ತವೆ. ಅದೊಂದೇ ಪದ ಕಾರಣವೂ ಆಗುತ್ತದೆ, ತೀರ್ಪೂ ಆಗುತ್ತದೆ.

ಮಗಳ ಸಾವಿನ ಬಳಿಕ ಮಾಚಿಕಬ್ಬೆ ಬೆಳಗೊಳದಲ್ಲಿ ಅನ್ನನೀರು ಬಿಟ್ಟು ಪ್ರಾಣ ನೀಗಿದಳು. ಶಾಸನ ಅದನ್ನು ವ್ರತವೆಂದೇ ಬರೆದಿದೆ. ತಾಯಿಯದು ದೃಢ ಸಂಕಲ್ಪ ಎನ್ನುವವರು ಮಗಳ ಬಗ್ಗೆ ಮರುಕಪಡುವ ಮೊದಲು ಆ ಕಲ್ಲಿನ ಬರಹವನ್ನು ಒಮ್ಮೆ ಓದಬೇಕು.