ಅಂಗಳದಲ್ಲಿ ಮೊಳ ಹಾಕೋಣ

ಕನ್ನಡ ನಿಯತಕಾಲಿಕಗಳಲ್ಲಿ ಪುಸ್ತಕ ವಿಮರ್ಶೆಯೆಂಬ ಹೆಸರಿನಲ್ಲಿ ಅಚ್ಚಾಗುವ ಬರಹಗಳನ್ನು ಒಂದೆಡೆ ಗುಡ್ಡೆ ಹಾಕಿಕೊಂಡು ಓದಿದವರಿಗೆ ಒಂದು ಸಂಗತಿ ಹೊಳೆಯದೇ ಇರದು. ಅವುಗಳ ಮೊದಲ ವಾಕ್ಯಗಳು ಬೇರೆ ಬೇರೆಯಾಗಿದ್ದರೂ ಕೊನೆಯ ವಾಕ್ಯ ಮಾತ್ರ ಹೆಚ್ಚುಕಡಿಮೆ ಒಂದೇ: 'ಸಹೃದಯರು ಕೊಂಡು ಓದಬೇಕಾದ ಕೃತಿ.' ಅದಕ್ಕೆ ತುಸು ಮೊದಲು 'ಅಲ್ಲಲ್ಲಿ ಮುದ್ರಣದೋಷಗಳು ನುಸುಳಿವೆ' ಎಂಬ ದೃಷ್ಟಿಬೊಟ್ಟು. ಅದಕ್ಕೂ ಮೊದಲು 'ಮುಖಪುಟ ಆಕರ್ಷಕವಾಗಿದೆ' ಎಂಬ ಮೆಚ್ಚುಗೆ. ಕೊಂಡು ಓದಿರೆಂದು ಅಪ್ಪಣೆ ಕೊಡಿಸುವ ವಿಮರ್ಶಕರು ತಾವು ಅದನ್ನು ಕೊಂಡರೇ ಎಂಬುದನ್ನು ಮಾತ್ರ ಹೇಳುವುದಿಲ್ಲ. ಬಹುಮಟ್ಟಿಗೆ ಕೊಂಡಿರುವುದಿಲ್ಲ. 'ಪ್ರೀತಿಪೂರ್ವಕ' ಎಂಬ ರುಜುವಿನೊಡನೆ ಲೇಖಕರ ಕೈಯಿಂದ ಅವರ ಕೈಗೆ ಬಂದ ಗೌರವ ಪ್ರತಿ ಅದು.

ಗೌರವ ಪ್ರತಿಯನ್ನು ಪಡೆಯುವುದೇ ಅಪರಾಧವೆಂದು ನಾವು ಹೇಳುತ್ತಿಲ್ಲ. ಯಾರೂ ಅನ್ಯಥಾ ಭಾವಿಸಬಾರದು. ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ ಮರಾಠಿ, ಇಂಗ್ಲಿಷ್ ಪುಸ್ತಕಗಳು ಮೊಗೆದಷ್ಟು ಸಿಕ್ಕುತ್ತವೆ. ಕನ್ನಡದ ಹೊಸ ಪುಸ್ತಕ ಬೇಕೆಂದರೆ ಊರಿಗೆ ಹೋಗುವವರಿಗೆ ಚೀಟಿ ಬರೆದುಕೊಡಬೇಕು. ಇಂಥ ಊರಿನಲ್ಲಿ ಲೇಖಕರೇ ಪ್ರತಿ ತಂದುಕೊಡದಿದ್ದರೆ ಅರ್ಧಕ್ಕೆ ಅರ್ಧ ಪುಸ್ತಕಗಳ ಹೆಸರೂ ನಮಗೆ ತಿಳಿಯುವುದಿಲ್ಲ. ಇದು ಪುಣೆಗೆ ಮಾತ್ರ ಸೇರಿದ ಪದ್ಧತಿಯೂ ಅಲ್ಲ. ಕನ್ನಡ ಪತ್ರಿಕೆಗಳು ತಮಗೆ ಬಂದ ಪುಸ್ತಕಗಳ ಪಟ್ಟಿಯನ್ನು 'ಸಾದರ ಸ್ವೀಕಾರ' ಎಂಬ ತಲೆಬರಹದಲ್ಲಿ ಅಚ್ಚು ಹಾಕುತ್ತ ಬಂದಿವೆ. ಕೈಗೆ ಬಂದುದನ್ನು ಊರ ಮುಂದೆ ಹೇಳಿಬಿಡುವ ಒಳ್ಳೆಯ ವಾಡಿಕೆ ಅದು. ನಮ್ಮ ಆಕ್ಷೇಪಣೆಯಿಷ್ಟೇ: ಪಟ್ಟಿಯಲ್ಲಿ ತೋರುವ ಈ ಪ್ರಾಮಾಣಿಕತೆ ವಿಮರ್ಶೆಯ ಪುಟಕ್ಕೆ ಬರುವಷ್ಟರಲ್ಲಿ ಎಲ್ಲಿ ಹೋಗುತ್ತದೆ?

ಪುಕ್ಕಟೆಯಾಗಿ ಬಂದ ವಸ್ತುವನ್ನು ವಿಮರ್ಶಿಸುವವನಿಗೆ ನಮ್ಮ ಗಾದೆಗಳು ಅನುಕೂಲವಾಗಿಲ್ಲ. 'ಉಂಡ ಮನೆಗೆ ಎರಡು ಬಗೆಯಬಾರದು' ಎನ್ನುತ್ತದೆ ಒಂದು. 'ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಲ್ಲಿ ಮೊಳ ಹಾಕಿದ' ಎಂದು ನಗುತ್ತದೆ ಇನ್ನೊಂದು. ಬಿಟ್ಟಿಯಾಗಿ ಬಂದ ಬಟ್ಟೆಯನ್ನು ಸುತ್ತಿಕೊಳ್ಳುವುದು ಬಿಟ್ಟು, ಎಷ್ಟು ಮೊಳವಿದೆಯೆಂದು ಗುಟ್ಟಾಗಿ ಅಳೆಯಲು ಹೋದವನ ಕಥೆ ಅದು. ಆದರೆ ವಿಮರ್ಶಕನ ಕಸುಬೇ ಮೊಳ ಹಾಕುವುದು. ಹಾಕದಿದ್ದರೆ ಅವನು ಬರೀ ಹೊಗಳುಭಟ್ಟ. ಗಾದೆಯನ್ನು ಮತ್ತೊಮ್ಮೆ ಓದಿದರೆ, ನಗೆಗೆ ಗುರಿಯಾದುದು ಮೊಳವಷ್ಟೇ ಅಲ್ಲ, ಹಿತ್ತಲು ಕೂಡ ಎಂದು ನಮಗೆ ತೋರುತ್ತದೆ. ಬಟ್ಟೆ ಧರ್ಮಕ್ಕೆ ಬಂದದ್ದೆಂದು ಹೇಳಿ, ಎಲ್ಲರೂ ಕಾಣುವಂತೆ ಅಂಗಳದಲ್ಲಿ ನಿಂತು ಅಳೆದಿದ್ದರೆ ನಗುವುದಕ್ಕೆ ಏನಿತ್ತು?

ನಮ್ಮಂಥ ಕೇಂದ್ರ ಸರ್ಕಾರದ ಗುಮಾಸ್ತರಿಗೆ ಈ ವಿಚಾರ ಹೊಸದೇನಲ್ಲ. 1964ರ ನಡತೆ ನಿಯಮಗಳ 13ನೆಯ ನಿಯಮ ಇರುವುದೇ ಉಡುಗೊರೆಗಳ ಸಲುವಾಗಿ. ಬಿಟ್ಟಿ ಪ್ರಯಾಣ, ಬಿಟ್ಟಿ ಊಟ, ಬಿಟ್ಟಿ ವಸತಿ ಎಲ್ಲವೂ ಉಡುಗೊರೆಯೇ ಎಂದು ಅದು ವಿವರಿಸುತ್ತದೆ. ಎಂದಾದರೊಮ್ಮೆ ಒಂದು ಊಟ, ವಾಹನದಲ್ಲಿ ಒಂದು ಸವಾರಿ, ಇಂಥವು ಉಡುಗೊರೆಯಲ್ಲವೆಂಬ ರಿಯಾಯಿತಿಯೂ ಅದರಲ್ಲಿದೆ. ಉಡುಗೊರೆ ಒಂದು ಮಿತಿಯನ್ನು ಮೀರಿದರೆ ಮೇಲಿನವರಿಗೆ ವರದಿ ಮಾಡಬೇಕು, ಇಲ್ಲವೇ ಮುಂಚೆಯೇ ಅನುಮತಿ ಪಡೆಯಬೇಕು. ನಿಯಮ ಮನುಷ್ಯನನ್ನು ಕಳ್ಳನೆಂದು ತಿಳಿದು ಮಾಡಿದ್ದಲ್ಲ. ಹಂಗು ಎಂಬುದು ಒಳ್ಳೆಯವನ ಲೇಖನಿಯನ್ನೂ ವಾಲಿಸುತ್ತದೆ ಎಂದು ತಿಳಿದು ಮಾಡಿದ್ದು.

ಈಚೆಗೆ ಕಾನೂನು ಕಚೇರಿಯ ಹೊಸ್ತಿಲನ್ನು ದಾಟಿ ಹೊರಗೂ ಬಂದಿದೆ. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಒಂದು ವಸ್ತುವನ್ನು ಶಿಫಾರಸು ಮಾಡುವವನಿಗೂ ಮಾರುವವನಿಗೂ ಇರುವ ಸಂಬಂಧ ಆ ಮಾತಿನ ಬೆಲೆಯನ್ನು ಏರುಪೇರು ಮಾಡುವಂತಿದ್ದರೆ, ಮತ್ತು ಅಂಥ ಸಂಬಂಧವನ್ನು ಕೇಳುವವರು ಸಹಜವಾಗಿ ಊಹಿಸಲಾರರೆಂದಿದ್ದರೆ, ಅದನ್ನು ಬಯಲು ಮಾಡಲೇಬೇಕು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ಹೊರತಂದ ಕಿರುಹೊತ್ತಗೆ ಈ ಸಂಬಂಧಗಳನ್ನು ಪಟ್ಟಿ ಮಾಡುವಾಗ ಹಣದೊಂದಿಗೆ ಬಿಟ್ಟಿ ವಸ್ತುಗಳನ್ನೂ ಸೇರಿಸಿತು. ಕೇಳದೆಯೇ ಮನೆಗೆ ಬಂದ ವಸ್ತುವೂ ಆ ಪಟ್ಟಿಯಲ್ಲಿದೆ. ಕುಟುಂಬದ ಹಾಗೂ ಸ್ನೇಹದ ಸಂಬಂಧವೂ ಇದೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಕಾಯಿದೆಯಡಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಉಂಟು. ಇದೆಲ್ಲ ದೂರವಾಣಿಯ ಪರದೆಯ ಮೇಲೆ ಸೋಪು, ಸೀರೆ, ಮಿಕ್ಸಿಗಳನ್ನು ಹೊಗಳುವವರಿಗಾಗಿ ಮಾಡಿದ್ದು. ಸಂಘದ ಮಾಸಪತ್ರಿಕೆಯ ವಿಮರ್ಶಕನನ್ನು ಹುಡುಕಿಕೊಂಡು ಯಾವ ಅಧಿಕಾರಿಯೂ ಬರುವುದಿಲ್ಲ. ಆದರೆ ಹಿಂದಿರುವ ನ್ಯಾಯ ಒಂದೇ.

ಇಲ್ಲಿ ಜಾಣರೊಬ್ಬರು ತಕರಾರು ಎತ್ತಬಹುದು: 'ವಿಮರ್ಶಕನಿಗೆ ಪುಸ್ತಕ ಬಿಟ್ಟಿಯಾಗಿ ಬರುತ್ತದೆಂಬುದು ಲೋಕಕ್ಕೆಲ್ಲ ಗೊತ್ತು, ಮತ್ತೆ ಹೇಳುವುದೇಕೆ?' ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ಈ ಬಗೆಯ ನಿಯಮಗಳನ್ನು ಪರಿಷ್ಕರಿಸಿದಾಗ ಇದೇ ಪ್ರಶ್ನೆ ಎದ್ದಿತ್ತು. ಪತ್ರಿಕೆಯಲ್ಲಿ ಸಂಬಳಕ್ಕಿರುವ ವಿಮರ್ಶಕನನ್ನೂ ತನ್ನ ಪಾಡಿಗೆ ಬರೆಯುವ ಬಿಡಿ ಬರಹಗಾರನನ್ನೂ ಅದು ಬೇರೆ ಬೇರೆಯಾಗಿ ಕಂಡಿತು. ಅದು ಸರಿಯೇ. ಪತ್ರಿಕೆಗೆ ಬಂದ ಪುಸ್ತಕವನ್ನು ಸಂಪಾದಕ ಹಂಚುತ್ತಾನೆ. ವಿಮರ್ಶಕನಿಗೆ ಅನ್ನ ಕೊಡುವುದು ಪತ್ರಿಕೆ, ಲೇಖಕನಲ್ಲ. ನಮ್ಮಲ್ಲಿ ಹಾಗಲ್ಲ. ಯಾರಿಗೂ ಸಂಭಾವನೆಯಿಲ್ಲ, ಪ್ರತಿ ಲೇಖಕನ ಜೋಳಿಗೆಯಿಂದ ವಿಮರ್ಶಕನ ಚೀಲಕ್ಕೆ ನೇರವಾಗಿ ಇಳಿಯುತ್ತದೆ, ಮುಂದಿನ ಗಣೇಶೋತ್ಸವದಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ದೊಡ್ಡ ಪತ್ರಿಕೆಯ ರಿಯಾಯಿತಿ ನಮ್ಮಂಥವರಿಗೆ ಒಪ್ಪುವುದಿಲ್ಲ.

ಹಂಗನ್ನು ಬೇರುಸಹಿತ ಕಿತ್ತವರೂ ಇದ್ದಾರೆ. ಗಾಂಧೀಜಿ ತಮ್ಮ ವಾರಪತ್ರಿಕೆಗಳಲ್ಲಿ ಜಾಹೀರಾತಿಗೆ ಎಡೆ ಕೊಡಲಿಲ್ಲ. ಅವುಗಳಲ್ಲಿ 'ಹರಿಜನ' 1933ರಲ್ಲಿ ಹೊರಟದ್ದು ನಮ್ಮ ಈ ಪುಣೆಯಿಂದಲೇ. ಕನ್ನಡದಲ್ಲಿ ಪಿ. ಲಂಕೇಶರು 1980ರಲ್ಲಿ ತಮ್ಮ ಪತ್ರಿಕೆಯನ್ನು ಆರಂಭಿಸಿ, ಜಾಹೀರಾತಿಲ್ಲದೆ ಓದುಗರ ಕಾಸಿನಿಂದಲೇ ನಡೆಸಿದರು. ಅಮೆರಿಕದಲ್ಲಿ 1936ರಲ್ಲಿ ಹುಟ್ಟಿದ ಗ್ರಾಹಕರ ಒಕ್ಕೂಟವೊಂದು ತಾನು ಪರೀಕ್ಷಿಸುವ ವಸ್ತುಗಳನ್ನು, ಸಾಮಾನ್ಯ ಗಿರಾಕಿಯಂತೆ ಹೆಸರು ಹೇಳದೆ, ಅಂಗಡಿಯಿಂದಲೇ ಕೊಳ್ಳುತ್ತದೆ. ಇವೆಲ್ಲ ದೊಡ್ಡ ಮಾತು. ಹೋಟೆಲು, ಅಂಗಡಿಗಳ ಉದಾರಿಗಳು ಕೊಡುವ ಜಾಹೀರಾತಿನಿಂದ ಕಾಗದದ ಖರ್ಚು ಹೊರಡಿಸುವ ಸಂಘದ ಪತ್ರಿಕೆಗೆ ಆ ವ್ರತ ಸಾಗದು. ಜಾಹೀರಾತಿಗೆ ನಾವು ಹೆದರುವುದೂ ಇಲ್ಲ. ಏಕೆಂದರೆ ಅದು ತನ್ನನ್ನು ತಾನೇ ಜಾಹೀರುಪಡಿಸುತ್ತದೆ. ಹೆದರಬೇಕಾದದ್ದು ವಿಮರ್ಶೆಯ ವೇಷ ಹಾಕಿ ಬರುವ ಉಪಕಾರಸ್ಮರಣೆಗೆ.

ಹಾಗಾದರೆ ಒಂದು ಸಾಲಿನ ಅರಿಕೆ ಸಾಕೆ? ಬಿ.ಎಸ್‌ಸಿ. ಓದಿದವರಿಗೆ ಪ್ರಯೋಗಶಾಲೆಯ ಸ್ಕ್ರೂ ಗೇಜ್ ನೆನಪಿರಬೇಕು. ತಂತಿಯ ದಪ್ಪ ಅಳೆಯುವ ಮೊದಲು ಉಪಕರಣದ ಶೂನ್ಯದೋಷವನ್ನು ನೋಡಿ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ದೋಷವಿದೆಯೆಂದು ಯಾರೂ ಉಪಕರಣವನ್ನು ಎಸೆಯುವುದಿಲ್ಲ, ಬರೆದಿಟ್ಟರೆ ಕಳೆದುಕೊಳ್ಳಬಹುದು. ವಿಮರ್ಶಕನ ಅರಿಕೆಯೂ ಅಂಥದೇ. ಒಂದು ವ್ಯತ್ಯಾಸ ಮಾತ್ರ ಉಂಟು. ಸ್ಕ್ರೂ ಗೇಜಿನ ದೋಷ ಎಷ್ಟೆಂದು ಗೊತ್ತು. ಸ್ನೇಹದ ದೋಷ ಯಾವ ದಿಕ್ಕಿಗೆಂದು ಗೊತ್ತೇ ಹೊರತು ಎಷ್ಟೆಂದು ಗೊತ್ತಿಲ್ಲ.

ಕೇನ್, ಲೋವನ್‌ಸ್ಟೀನ್, ಮೂರ್ ಎಂಬ ಮೂವರು ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ಕಣ್ಣು ತೆರೆಸುವಂತಿದೆ. ನಾಣ್ಯ ತುಂಬಿದ ಜಾಡಿಯನ್ನು ದೂರದಿಂದ ತೋರಿಸಿ, ಒಳಗಿರುವ ಹಣ ಎಷ್ಟೆಂದು ಊಹಿಸಲು ಕೆಲವರಿಗೆ ಹೇಳಿದರು. ಜಾಡಿಯನ್ನು ಹತ್ತಿರದಿಂದ ಕಂಡ ಸಲಹೆಗಾರರು ಅವರಿಗೆ ನೆರವಾಗಬೇಕು. ಕೆಲವು ಸಲಹೆಗಾರರಿಗೆ, ಊಹೆ ಹೆಚ್ಚಾದಷ್ಟೂ ಸಂಭಾವನೆ ಹೆಚ್ಚು. ಈ ಸ್ವಾರ್ಥವನ್ನು ಮೊದಲೇ ತಿಳಿಸಿಬಿಟ್ಟಾಗ ಸಲಹೆಗಾರರು ಬಿಗಿಯಾಗಲಿಲ್ಲ. ಇನ್ನೂ ಧಾರಾಳವಾಗಿ ಉಬ್ಬಿಸಿದರು. ಕೇಳಿದವರು ಕಳೆಯಬೇಕಾದಷ್ಟು ಕಳೆಯಲಿಲ್ಲ. 'ಹೇಳಿಬಿಟ್ಟಿದ್ದೇನೆ, ಇನ್ನು ನನ್ನ ಜವಾಬ್ದಾರಿ ಮುಗಿಯಿತು' ಎಂಬ ಭಾವನೆಯೇ ಇದಕ್ಕೆ ಒಂದು ಕಾರಣವೆಂದು ಅವರು ತರ್ಕಿಸಿದರು. ಆದ್ದರಿಂದ ಅರಿಕೆ ಎಂಬುದು ಪರವಾನಗಿಯಲ್ಲ. ದಟ್ಟಿ ಧರ್ಮದ್ದೆಂದು ಹೇಳಿದ ಮೇಲೆ ಮೊಳ ಹಾಕುವ ಕೆಲಸ ಶುರುವಾಗುತ್ತದೆ, ಮುಗಿಯುವುದಿಲ್ಲ.

ಇದರ ವಿರುದ್ಧ ದೋಷವೂ ಒಂದಿದೆ. ಬಿಟ್ಟಿ ಪ್ರತಿಗೆ ತಾನು ಬಾಗುವವನಲ್ಲವೆಂದು ತೋರಿಸಲು ಕೆಲವರು ಲೇಖಕನ ಚರ್ಮ ಸುಲಿಯುತ್ತಾರೆ. ಅದೂ ಹಂಗಿನ ಇನ್ನೊಂದು ಮುಖವೇ. ಸಂಬಂಧವನ್ನು ನೇರವಾಗಿ ಹೇಳಿಕೊಂಡವನಿಗೆ ಶೌರ್ಯ ಪ್ರದರ್ಶನದ ಅಗತ್ಯ ಬೀಳುವುದಿಲ್ಲ.

ಒಂದು ಪುಸ್ತಕವನ್ನು ಸುಳ್ಳಾಗಿ ಹೊಗಳಿದರೆ ಗಂಟೇನು ಹೋಯಿತು ಎನ್ನುವವರಿಗೆ ನಾವು ಹೇಳುವುದು ಇಷ್ಟು. ಮೊದಲ ನಷ್ಟ ಲೇಖಕನದೇ. ತನ್ನ ಎರಡನೆಯ ಅಧ್ಯಾಯ ಏಕೆ ನಿಂತಲ್ಲೇ ನಿಂತಿತೆಂದು ಅವನಿಗೆ ಯಾರೂ ಹೇಳಲಿಲ್ಲ. ಮೂರನೆಯ ಪುಸ್ತಕದಲ್ಲೂ ಅದೇ ತಪ್ಪು. ಎರಡನೆಯ ನಷ್ಟ ಇನ್ನೂ ದೊಡ್ಡದು. ಇಲ್ಲಿ ಮರಾಠಿ, ಹಿಂದಿ, ಇಂಗ್ಲಿಷುಗಳ ನಡುವೆ ಬೆಳೆಯುವ ಮಕ್ಕಳು ಕನ್ನಡದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತಾರೆ. ವರ್ಷಕ್ಕೆ ಒಂದೋ ಎರಡೋ ಕನ್ನಡ ಪುಸ್ತಕ ಕೊಳ್ಳುವ ಮನೆಗೆ ನಮ್ಮ ಮಾತನ್ನು ನಂಬಿ ಸಪ್ಪೆ ಪುಸ್ತಕವೊಂದು ಬಂದರೆ, ಆ ಹುಡುಗ ಇಪ್ಪತ್ತು ಪುಟ ತಿಣುಕಿ ಕೆಳಗಿಟ್ಟರೆ, ಅವನು ದೂರುವುದು ಆ ಪುಸ್ತಕವನ್ನಲ್ಲ. ಕನ್ನಡವೆಂದರೆ ಇಷ್ಟೇ ಎಂದು ತೀರ್ಮಾನಿಸಿಬಿಡುತ್ತಾನೆ. ಲೇಖಕನ ದಾಕ್ಷಿಣ್ಯಕ್ಕೆ ಓದುಗನೊಬ್ಬನನ್ನು ಬೆಲೆ ಕೊಟ್ಟಂತಾಯಿತು.

ನಮ್ಮ ಸೂಚನೆ ಸಣ್ಣದು, ಖರ್ಚಿಲ್ಲದ್ದು. ಪ್ರತಿ ವಿಮರ್ಶೆಯ ಕೆಳಗೂ ಸಣ್ಣಕ್ಷರದಲ್ಲಿ ಮೂರು ವಿವರಗಳಿರಲಿ: ಪ್ರತಿ ಎಲ್ಲಿಂದ ಬಂತು, ಲೇಖಕರಿಗೂ ವಿಮರ್ಶಕರಿಗೂ ಏನು ನಂಟು, ಪುಸ್ತಕವನ್ನು ಪೂರ್ತಿ ಓದಲಾಯಿತೇ. 'ಲೇಖಕರಿಂದ ಬಂದ ಪ್ರತಿ. ಹತ್ತು ವರ್ಷಗಳ ಪರಿಚಯ. ಪೂರ್ತಿ ಓದಿದೆ' ಎಂದು ಬರೆದರೆ ಯಾರ ಮಾನವೂ ಹೋಗುವುದಿಲ್ಲ. ಪಾಸಿನಲ್ಲಿ ನೋಡಿದ ನಾಟಕಕ್ಕೆ 'ಪಾಸು' ಎಂದಿರಲಿ. ಬಾಲಗಂಧರ್ವ ರಂಗಮಂದಿರದಲ್ಲಿ ಟಿಕೆಟ್ ಕೊಂಡು ಕೂತ ಮರಾಠಿ ಪ್ರೇಕ್ಷಕ ಬೇಸರವಾದರೆ ಎದ್ದು ಹೋಗುವ ಹಕ್ಕನ್ನೂ ಕೊಂಡಿರುತ್ತಾನೆ, ಪಾಸಿನವನಿಗೆ ಆ ಧೈರ್ಯ ಸುಲಭವಲ್ಲ. ವಿಮರ್ಶೆಯಾದ ಮೇಲೆ ಪ್ರತಿಯನ್ನು ವಿಮರ್ಶಕರ ಕಪಾಟಿಗಲ್ಲ, ಸಂಘದ ವಾಚನಾಲಯಕ್ಕೆ ಸೇರಿಸಲಿ. ಆಗ ಓದುಗರು ಪುಸ್ತಕವನ್ನೂ ವಿಮರ್ಶೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಬಟ್ಟೆ ಎಷ್ಟು ಮೊಳವಿದೆಯೆಂಬುದರ ಜೊತೆಗೆ, ಅಳೆದವರ ಕೈ ಎಷ್ಟು ಉದ್ದವಿದೆಯೆಂಬುದೂ ಅವರಿಗೆ ತಿಳಿಯುತ್ತದೆ.